ಮಾತಿಗೆಷ್ಟು ಅಂಕ?

ಕಳೆದ ವರ್ಷ ಇಂಗ್ಲಿಷಿನಲ್ಲಿ ನನಗೆ 100ಕ್ಕೆ 72 ಅಂಕಗಳು ಬಂದವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ನಾಲ್ಕು ಮನೆಗೆ ಹೇಳಿಕೊಂಡು ಬಂದರು. ಆ ರಜೆಯಲ್ಲಿಯೇ ಕೆಲಸವೊಂದರ ಸಂದರ್ಶನಕ್ಕೆ ಹೋದೆ. ನಿಮ್ಮ ಊರಿನ ವಿಷಯ ಇಂಗ್ಲಿಷಿನಲ್ಲಿ ಹೇಳಿ ಎಂದರು. ಊರು ಕಣ್ಣೆದುರಿಗೇ ಇತ್ತು, ಬಾಯಿಂದ ಮಾತು ಹೊರಡಲಿಲ್ಲ.

ಹಾಗಾದರೆ ಆ 72 ಯಾವುದಕ್ಕೆ ಬಂದದ್ದು? ನಾಚಿಕೆ ಬಿಟ್ಟು ಹೇಳುತ್ತೇನೆ: ಗೈಡಿನ ಪ್ರಬಂಧಗಳನ್ನು ಬಾಯಿಪಾಠ ಮಾಡಿದ್ದೆ. ಬಾಯಿಪಾಠ ಒಪ್ಪಿಸಿದವನ ಬರಹದಲ್ಲಿ ತಪ್ಪು ಸಿಗುವುದಿಲ್ಲ. ಸ್ವಂತವಾಗಿ ಬರೆದವನ ಹಾಳೆ ಕೆಂಪು ಶಾಯಿಯಲ್ಲಿ ಮೀಯುತ್ತದೆ. ಮಾತಿನ ಪರೀಕ್ಷೆಯೂ ಒಮ್ಮೆ ನಡೆಯಿತು; ಒಂದೇ ಮಧ್ಯಾಹ್ನ, 60 ಮಂದಿ. ನನ್ನ ಗೆಳೆಯನೊಬ್ಬ ಬಾವಿಗೆ ಬಿದ್ದ ಪಂಪಿನ ಮೋಟಾರನ್ನು ಊರವರು ಮೇಲೆತ್ತಿದ ಸಂಗತಿ ಹೇಳತೊಡಗಿದ. 'ಯೆಸ್ಟರ್‌ಡೇ ವಿ ಗೋ' ಎಂದ ಕೂಡಲೇ ತಡೆದು ತಿದ್ದಲಾಯಿತು. ಮೋಟಾರು ಬಾವಿಯಲ್ಲಿಯೇ ಉಳಿಯಿತು.

ಅಧ್ಯಾಪಕರನ್ನು ದೂರುವುದು ನನ್ನ ಉದ್ದೇಶವಲ್ಲ. ಒಂದು ಮಧ್ಯಾಹ್ನದಲ್ಲಿ ಯಾರಿಂದ ತಾನೇ ಇನ್ನೇನು ಸಾಧ್ಯ? ಆದರೆ ತಪ್ಪನ್ನು ಎಣಿಸುವುದೇ ಅಳತೆಯಾದರೆ ಸುಮ್ಮನಿರುವವನೇ ಜಾಣ.

ಹೊರದೇಶಕ್ಕೆ ಓದಲು ಹೋಗುವವರು ಬರೆಯುವ ಐ.ಇ.ಎಲ್.ಟಿ.ಎಸ್. ಪರೀಕ್ಷೆ 1989ರಿಂದ ನಡೆಯುತ್ತಿದೆ. (ಅದರ ಶುಲ್ಕ ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ, ಆ ಮಾತು ಬೇರೆ.) ಅಲ್ಲಿ ಒಬ್ಬೊಬ್ಬರನ್ನೂ 11ರಿಂದ 14 ನಿಮಿಷ ಮಾತನಾಡಿಸುತ್ತಾರೆ. ಸರಾಗತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರ ಈ ನಾಲ್ಕನ್ನೂ ಬೇರೆ ಬೇರೆಯಾಗಿ, ಸಮವಾಗಿ ತೂಗುತ್ತಾರೆ. ನನ್ನ ಗೆಳೆಯ ಅಲ್ಲಿ ಕುಳಿತಿದ್ದರೆ ಅವನ 'ಗೋ' ವ್ಯಾಕರಣದ ಲೆಕ್ಕಕ್ಕೆ ಹೋಗುತ್ತಿತ್ತು. ಕಥೆ ಪೂರ್ತಿ ಹೇಳಿದ ಅಂಕ ಅವನಿಗೇ ಉಳಿಯುತ್ತಿತ್ತು. ಬರವಣಿಗೆಗೂ ಅಂಥವೇ ನಾಲ್ಕು ಅಳತೆಗಳುಂಟು. ಬಾಯಿಪಾಠದ ಉತ್ತರಕ್ಕೆ ಅಂಕ ಕಡಿತ. 2001ರಲ್ಲಿ ಯೂರೋಪಿನವರು ಪ್ರಕಟಿಸಿದ ಭಾಷಾಕಲಿಕೆಯ ಚೌಕಟ್ಟಿನಲ್ಲಿಯೂ ಆರು ಹಂತಗಳನ್ನು ವಿವರಿಸಿರುವುದು ಕಲಿಯುವವನು ಆ ಭಾಷೆಯಲ್ಲಿ ಏನು ಮಾಡಬಲ್ಲ ಎಂಬುದರ ಮೇಲೆಯೇ.

ಆ ಪರೀಕ್ಷೆಯನ್ನೇ ಇಲ್ಲಿಗೆ ತನ್ನಿರೆಂದು ನಾನು ಹೇಳುವುದಿಲ್ಲ. 60 ಮಂದಿಗೆ 11 ನಿಮಿಷದಂತೆ 11 ಗಂಟೆ ಬೇಕು. ವಾರಕ್ಕೆ ಐವರಂತೆ ಕರೆದರೆ 12 ವಾರ, ಸೆಮಿಸ್ಟರಿನೊಳಗೆ ಮುಗಿಯುತ್ತದೆ. ಯಾವುದಕ್ಕೆ ಎಷ್ಟು ಅಂಕವೆಂದು ಮೊದಲೇ ತಿಳಿಸಲಿ. ಪ್ರಬಂಧದ ವಿಷಯಗಳಲ್ಲಿ ಒಂದಾದರೂ ಗೈಡಿನಲ್ಲಿಲ್ಲದ್ದಿರಲಿ: ನಮ್ಮೂರ ಸಂತೆ, ಬಸ್ಸು ತಪ್ಪಿದ ದಿನ, ಏನಾದರೂ ಸರಿ.

ನಮ್ಮ ತರಗತಿಗೆ ಇಂಗ್ಲಿಷು ಈಗ ಮುಗಿದ ವಿಷಯ. ಬರುವ ವರ್ಷ ಸೇರುವ ತಮ್ಮಂದಿರಿಗೂ ತಂಗಿಯರಿಗೂ ಇದು ದೊರೆಯಲೆಂದು ಬರೆದಿದ್ದೇನೆ.