ನೀರು ತಿಳಿಯಾದರೆ ಸಾಲದು, ಸ್ವಾಮಿ

ಕೊಂಡಜ್ಜಿಯಲ್ಲಿ ಹೊಳೆ ನೀರಿನ ಮಾತು ತೆಗೆದರೆ ಒಂದೇ ಉತ್ತರ: ‘ಕೊಳಚೆ ಶುದ್ಧ ಮಾಡೋ ಘಟಕ ಕಟ್ತಾರಲ್ಲ, ಇನ್ನೇನು?’ ಈ ಸಮಾಧಾನ ಅರ್ಧ ಸುಳ್ಳು ಎಂಬುದೇ ನಮ್ಮ ವಾದ.

ನಮ್ಮ ತಾಲ್ಲೂಕಿನ ಹೊಳೆ ತುಂಗಭದ್ರೆ. ಹರಿಹರ ಮುಟ್ಟುವ ಮೊದಲೇ ಅದರೊಳಗೆ ಶಿವಮೊಗ್ಗ, ಭದ್ರಾವತಿಯ ಕೊಳಚೆ ಸೇರಿರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ರಾಜ್ಯದ 17 ಕಲುಷಿತ ನದಿಗಳಲ್ಲಿ ತುಂಗಭದ್ರೆಯೂ ಒಂದು. ಅದೇ ನೀರನ್ನು ರಾಜನಹಳ್ಳಿ ಬಳಿ ಎತ್ತಿ 22 ಕೆರೆಗಳಿಗೆ ತುಂಬಿಸುತ್ತಾರೆ.

ಘಟಕದಲ್ಲಿ ಆಗುವುದೇನು? ತೊಟ್ಟಿಗೆ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಅವು ಕೊಳಚೆ ತಿನ್ನುತ್ತವೆ. ನೀರು ತಿಳಿಯಾಗುತ್ತದೆ, ನಾತ ಹೋಗುತ್ತದೆ. ಆದರೆ ಆ ತೊಟ್ಟಿಗೆ ಮನೆ ಬಚ್ಚಲಿನದೂ ಆಸ್ಪತ್ರೆ ವಾರ್ಡಿನದೂ ಒಟ್ಟಿಗೇ ಬರುತ್ತದೆ. ನಾವು ನುಂಗಿದ ಎಷ್ಟೋ ಆಂಟಿಬಯೋಟಿಕ್ ಮೂತ್ರದಲ್ಲಿ ಹಾಗೇ ಹೊರಬರುತ್ತದೆ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಆ ಗುಣವನ್ನು ಪಕ್ಕದ ಬೇರೆ ಜಾತಿಯದಕ್ಕೂ ದಾಟಿಸಬಲ್ಲದು. ಘಟಕ ಇವುಗಳ ಸಂಖ್ಯೆ ಇಳಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಉಳಿದವು ಹೊಳೆಗೆ ಹೋಗುತ್ತವೆ, ಕೆಸರನ್ನು ಗೊಬ್ಬರ ಮಾಡಿದರೆ ಹೊಲಕ್ಕೂ.

ಇದು ಬರೀ ಹೆದರಿಕೆಯ ಮಾತಲ್ಲ. 2011ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ, ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50ರ ಪೈಕಿ 2ರಲ್ಲಿ, ಪ್ರಬಲ ಔಷಧಗಳನ್ನೂ ಸೋಲಿಸುವ ಎನ್‌ಡಿಎಂ-1 ಜೀನ್ ಸಿಕ್ಕಿತ್ತು. ಜಗತ್ತಿನಲ್ಲಿ 2019ರ ಒಂದೇ ವರ್ಷ ಇಂಥ ಸೋಂಕುಗಳಿಂದ ನೇರವಾಗಿ ಸತ್ತವರು ಅಂದಾಜು 12.7 ಲಕ್ಷ.

ಸರ್ಕಾರ ಮಾಡಿದ್ದೇನು? ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ ಆಂಟಿಬಯೋಟಿಕ್ ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು 2020ರ ಕರಡಿನಲ್ಲಿ ಬರೆದಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಯನ್ನೇ ಕೈಬಿಟ್ಟಿತು. ಅಳೆಯದೇ ಇದ್ದರೆ ತಪ್ಪೂ ಕಾಣುವುದಿಲ್ಲವಲ್ಲ!

ಘಟಕ ಬೇಡ ಎಂದು ನಾವು ಹೇಳುತ್ತಿಲ್ಲ. ಹಸಿ ಕೊಳಚೆ ಬಿಡುವುದು ಇನ್ನೂ ಕೇಡು. ನಮ್ಮ ಬೇಡಿಕೆ ಮೂರು. ಆಸ್ಪತ್ರೆಯ ದ್ರವ ತ್ಯಾಜ್ಯವನ್ನು ಮೊದಲೇ ಸಂಸ್ಕರಿಸಿ ಬಿಡಬೇಕೆಂಬ 2016ರ ನಿಯಮ ಪಾಲನೆಯಾಗಲಿ. ಘಟಕದಿಂದ ಹೊರಬಿಡುವ ನೀರಿನಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದ ಪರೀಕ್ಷೆಯೂ ನಡೆಯಲಿ. ಫಲಿತಾಂಶ ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ಬರಲಿ.

ನಮ್ಮದೂ ತಪ್ಪಿದೆ. ನೆಗಡಿಗೂ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ನಾಲ್ಕು ಮಾತ್ರೆ ಕೇಳುವವರು ನಾವೇ. ಅದನ್ನು ಇವತ್ತೇ ಬಿಡೋಣ. ಮುಂದಿನ ಗ್ರಾಮಸಭೆಯಲ್ಲಿ ‘ಘಟಕ ಯಾವಾಗ?’ ಎಂದಷ್ಟೇ ಕೇಳಿ ಕೂರಬೇಡಿ. ‘ಹೊರಬಿಡೋ ನೀರಲ್ಲಿ ಏನೇನು ಪರೀಕ್ಷೆ ಮಾಡ್ತೀರಿ?’ ಎಂದೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.