ಮಳೆ ಬಂದರೆ ಕೊಡೆ ತಲೆಯ ಮೇಲೆ, ಕಾಲಿಗೆ ಯಾರು ಆಸರೆ?

ಬಿ.ಸಿ. ರೋಡ್ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಮಳೆ ಇಲ್ಲ, ಮೋಡವೂ ಇಲ್ಲ. ಆದರೂ ಅಜ್ಜಂದಿರ ಕೈಯಲ್ಲಿ ಉದ್ದ ಹಿಡಿಯ ಕೊಡೆ. ಅದು ಮಳೆಗಲ್ಲ, ಊರಿ ನಡೆಯಲು. ಕೋಲು ಹಿಡಿದರೆ ಮುದುಕ ಅಂತಾರೆ, ಕೊಡೆ ಹಿಡಿದರೆ ಯಾರೂ ಏನೂ ಹೇಳುವುದಿಲ್ಲ.

ಆದರೆ ಕೊಡೆಯ ತುದಿ ಜಾರುತ್ತದೆ, ಭಾರ ಬಿದ್ದರೆ ಕಡ್ಡಿ ಬಾಗುತ್ತದೆ. ಮಳೆ ಬಂದ ಕೂಡಲೇ ಬಿಡಿಸಿ ತಲೆಯ ಮೇಲೆ ಹಿಡಿಯಬೇಕು. ನೆಲ ಜಾರುವ ಹೊತ್ತಿಗೇ ಊರಲು ಏನೂ ಇಲ್ಲ! ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಎಷ್ಟೋ ಮನೆಗಳು ಗುಡ್ಡೆಯ ಮೇಲೆ, ತೋಟ ಕೆಳಗೆ. ನಡುವೆ ಪಾಚಿ ಹಿಡಿದ ಕೆಂಪು ಕಲ್ಲಿನ ಮೆಟ್ಟಿಲು, ತೋಡಿಗೆ ಅಡಿಕೆ ಮರದ ಸಂಕ.

ತಪ್ಪು ಹಿರಿಯರದ್ದು ಮಾತ್ರ ಅಲ್ಲ. ನಮ್ಮ ಅಜ್ಜಿ ಮೊದಲ ಸಲ ಕೋಲು ಹಿಡಿದಾಗ "ಇಷ್ಟು ಬೇಗ ಮುದುಕಿ ಆದಿರಾ?" ಎಂದು ನಾವೇ ತಮಾಷೆ ಮಾಡಿದ್ದೆವು. ಕೋಲು ಬಾಗಿಲ ಹಿಂದೆ ಹೋಯಿತು. ಆ ಆಟಿಯಲ್ಲೇ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮತ್ತೆ ಅವರು ತೋಟಕ್ಕೆ ಇಳಿಯಲೇ ಇಲ್ಲ.

1930ರ ದಂಡಿಯಾತ್ರೆಯಲ್ಲಿ ಗಾಂಧೀಜಿ ಹಿಡಿದ ಕೋಲು ನಮ್ಮ ನೆರೆಯ ಮಂಜೇಶ್ವರದ ಗೋವಿಂದ ಪೈಗಳದ್ದು. ಅವರು ಕಾಕಾ ಕಾಲೇಲ್ಕರರಿಗೆ ಕೊಟ್ಟದ್ದು ಗಾಂಧೀಜಿಯ ಕೈ ಸೇರಿತು. ಆಗ ಗಾಂಧೀಜಿಗೆ 60 ವರ್ಷ. ಸುಮಾರು 385 ಕಿಲೋಮೀಟರ್ ನಡೆದರು. ಆ ಕೋಲು ನೋಡಿ ಅವರನ್ನು ಕೈಲಾಗದವರು ಅಂದವರುಂಟೇ?

ಕೋಲು ತಂದರೆ ಸಾಲದು, ಅಳತೆಯೂ ಸರಿ ಇರಬೇಕು. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಎಡಗಾಲು ನೋವಾದರೆ ಕೋಲು ಬಲಗೈಯಲ್ಲಿ. ನೋವಿನ ಕಾಲು ಮತ್ತು ಕೋಲು ಒಟ್ಟಿಗೆ ಮುಂದೆ ಹೋಗಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ತುದಿಯ ರಬ್ಬರ್ ಸವೆದರೆ ಬದಲಿಸಿ. ಮಳೆಯಲ್ಲಿ ಇನ್ನೊಂದು ಕೈಗೆ ಕೊಡೆ ಕೊಡುವುದಕ್ಕಿಂತ ರೈನ್‌ಕೋಟ್ ವಾಸಿ. ತಲೆಸುತ್ತು ಇದ್ದರೆ, ಎರಡೂ ಕಾಲಿಗೆ ಬಲ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ. ಒಂದು ಕೋಲು ಸಾಕಾಗದು.

ಹಣದ ಚಿಂತೆ ಇರುವವರಿಗೆ 2017ರಲ್ಲಿ ಶುರುವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. 60 ದಾಟಿದ ಬಡ ಹಿರಿಯರಿಗೆ ಶಿಬಿರಗಳಲ್ಲಿ ಊರುಗೋಲು ಉಚಿತ. ಪಂಚಾಯತಿಯಲ್ಲಿ ವಿಚಾರಿಸಿ, ಇಲ್ಲವೇ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಪಂಚಾಯತಿಯವರಿಗೂ ನಮ್ಮದೊಂದು ಮಾತು: ಸಂಕಕ್ಕೆ, ಮೆಟ್ಟಿಲಿಗೆ ಒಂದು ಕೈಹಿಡಿ ಹಾಕಿಸಿ.

ಕೋಲು ಬಿದ್ದ ಮೇಲೆ ತರುವ ವಸ್ತುವಲ್ಲ. ಈ ಮಳೆಗಾಲಕ್ಕೆ ಮೊದಲೇ ನಿಮ್ಮ ಮನೆಯ ಅಜ್ಜ, ಅಜ್ಜಿಯ ಕೈಗೆ ಕೊಡಿ. ನಗಬೇಡಿ. ನಾವು ಒಮ್ಮೆ ನಕ್ಕದ್ದು ಸಾಕು.