ಅಂಜುವ ನಾಯಿಗೆ ಆನೆಯ ಪಾಠ

ದೀಪಾವಳಿಯ ಮೊದಲ ಪಟಾಕಿ ಸಿಡಿಯಿತೆಂದರೆ ಜಯಲಕ್ಷ್ಮಿಪುರಂನ ಮನೆಗಳಲ್ಲಿ ಅಂಜುಬುರುಕ ನಾಯಿ ಮಂಚದಡಿ ಸೇರುವುದು. ಕರೆದರೆ ಬಾರದು, ಅನ್ನ ಮುಟ್ಟದು. “ಮನೆ ಕಾಯಲೆಂದು ಸಾಕಿದರೆ ಇದನ್ನೇ ಕಾಯಬೇಕಾಯಿತು!” ಎಂದು ಯಜಮಾನರು ಗದರುವುದುಂಟು. ಗದರಿದರೆ ಅಂಜಿಕೆ ಇಮ್ಮಡಿಸುವುದೇ ಹೊರತು ಇಳಿಯದು.

ಇದಕ್ಕೆ ಮದ್ದು ಮೈಸೂರಿನಲ್ಲಿಯೇ ಉಂಟು. ವಿಜಯದಶಮಿಯಂದು 21 ಸುತ್ತು ಕುಶಾಲತೋಪು ಹಾರುವಾಗ ಬೆದರದಿರಲೆಂದು, ಆನೆ ಕುದುರೆಗಳನ್ನು ದಸರೆಗೆ ಮುನ್ನವೇ ತೋಪಿನ ಸದ್ದಿಗೆ ಪಳಗಿಸುತ್ತಾರೆ. ನಾಯಿಗೂ ಅಭ್ಯಾಸವೇ ಮದ್ದು. ಆದರೆ ಅದಕ್ಕೆ ಒಮ್ಮೆಗೇ ದೊಡ್ಡ ಸದ್ದು ಸಲ್ಲದು. ಹಬ್ಬಕ್ಕೆ ಕೆಲವು ತಿಂಗಳಿರುವಾಗಲೇ ಪಟಾಕಿಯ ಧ್ವನಿಮುದ್ರಣವನ್ನು ತೀರ ಮೆಲ್ಲಗೆ ಕೇಳಿಸಿ, ಜೊತೆಗೇ ಮೆಚ್ಚಿನ ತಿನಿಸು ಕೊಡಬೇಕು. ನಾಯಿ ನೆಮ್ಮದಿಯಿಂದಿದ್ದರೆ ದಿನೇ ದಿನೇ ಸದ್ದನ್ನು ಕೊಂಚ ಏರಿಸಬೇಕು, ಬೆದರಿದರೆ ಇಳಿಸಬೇಕು.

ಹಬ್ಬದಂದು ಹೊತ್ತು ಮುಳುಗುವ ಮೊದಲೇ ತಿರುಗಾಡಿಸಿ ತಂದು, ಒಳಕೋಣೆಯ ಕಿಟಕಿ ಮುಚ್ಚಿ, ರೇಡಿಯೋ ಹಾಕಿಡಬೇಕು. ಅಡಗಿದ್ದರೆ ಎಳೆಯಬಾರದು, ಬಳಿ ಬಂದರೆ ಮೈದಡವಬೇಕು. ಸಂತೈಸಿದರೆ ಭಯ ಹೆಚ್ಚುವುದೆಂಬುದು ತಪ್ಪು ತಿಳಿವಳಿಕೆ. ತೀರ ನಡುಗುವ ನಾಯಿಗೆ ಹಬ್ಬಕ್ಕೆ ಮೊದಲೇ ಪಶುವೈದ್ಯರ ಸಲಹೆ ಪಡೆಯುವುದು ಒಳಿತು.

750 ಕಿಲೋಗ್ರಾಂ ತೂಕದ ಅಂಬಾರಿ ಹೊರುವ ಆನೆಗೇ ಅಭ್ಯಾಸ ಬೇಕಾಗಿರುವಾಗ, ಮಂಚದಡಿಯ ಬಡಪ್ರಾಣಿಯನ್ನು ಹೇಡಿಯೆಂದು ಜರೆಯುವುದು ನ್ಯಾಯವೇ?